ಕಾಯಲೊಲ್ಲದ ಹಣ್ಣಿನ ನಾಡು

ಉತ್ತರ ಬಿಹಾರದಲ್ಲಿ ಬೂಢೀ ಗಂಡಕ ನದಿಯ ದಡದಲ್ಲಿರುವ ಮುಜಫ್ಫರಪುರವನ್ನು ಕಾಣಬೇಕಾದರೆ ಮೇ ತಿಂಗಳ ಉತ್ತರಾರ್ಧದಲ್ಲಿ ಕಾಣಬೇಕು. ಊರು ದಾಟಿದೊಡನೆ ಸಾಲುಸಾಲಾಗಿ ಲಿಚಿಯ ತೋಪುಗಳು. ಕೊಡೆ ಬಿಚ್ಚಿದಂತೆ ಹರಡಿದ ಮರಗಳ ಕಡುಹಸುರಿನ ನಡುವೆ ಕೆಂಪು ಗೊಂಚಲುಗಳು. ಒರಟು ಸಿಪ್ಪೆಯನ್ನು ಉಗುರಿನಿಂದ ಬಿಡಿಸಿದರೆ ಒಳಗೆ ತಾಟಿನುಂಗನ್ನು ನೆನಪಿಗೆ ತರುವ ಬೆಳ್ಳನೆಯ ತಿರುಳು, ಗುಲಾಬಿಯ ನಸುಗಂಪು. ‘ಶಾಹಿ’ ಎಂಬ ಈ ತಳಿಗೆ 2018ರಲ್ಲಿ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು.

ಲಿಚಿಯ ತವರು ದಕ್ಷಿಣ ಚೀನ. ಎಂಟನೆಯ ಶತಮಾನದಲ್ಲಿ ಟಾಂಗ್ ವಂಶದ ಚಕ್ರವರ್ತಿಯೊಬ್ಬನು ತನ್ನ ಪ್ರೇಯಸಿ ಯಾಂಗ್ ಗ್ವಿಫೆಗಾಗಿ ಕುದುರೆಯ ಸವಾರರಿಂದ ಈ ಹಣ್ಣನ್ನು ರಾಜಧಾನಿಗೆ ತರಿಸುತ್ತಿದ್ದನೆಂದು ಪ್ರತೀತಿ. ಆ ಆತುರ ಲಿಚಿ ಬೆಳೆಯುವವರಿಗೆ ಇಂದಿಗೂ ತಪ್ಪಿಲ್ಲ.

ಮರವೇನೋ ನಿಧಾನಿ. ಬೀಜದಿಂದ ಬೆಳೆಸಿದರೆ ಫಲಕ್ಕಾಗಿ ಹತ್ತು ವರ್ಷ ಕಾಯಬೇಕಾದೀತು. ತಾಯಿಮರದ ಗುಣವೂ ಉಳಿಯುವ ಭರವಸೆಯಿಲ್ಲ. ಆದುದರಿಂದ ಕೊಂಬೆಯ ಸಿಪ್ಪೆಯನ್ನು ಬಳೆಯಗಲ ಸುಲಿದು, ಒದ್ದೆ ಪಾಚಿಯನ್ನು ಸುತ್ತಿ, ಬೇರೊಡೆದ ಮೇಲೆ ಕತ್ತರಿಸಿ ನೆಡುತ್ತಾರೆ. ಇದೇ ಗೂಟಿ ಕಸಿ. ಇಂಥ ಗಿಡ ನಾಲ್ಕೈದು ವರ್ಷಗಳಲ್ಲಿ ಫಲಕ್ಕೆ ಬರುತ್ತದೆ. ಚಳಿಗಾಲ ತಂಪಾಗಿ, ಮಳೆಯಿಲ್ಲದೆ ಕಳೆದರೆ ಹೂವು ಚೆನ್ನ. ಜೇನ್ನೊಣ ಸುಳಿದರೆ ಕಾಯಿ ಚೆನ್ನ. ಅದಕ್ಕೆಂದೇ ಹೂವಿನ ಕಾಲದಲ್ಲಿ ತೋಪುಗಳಲ್ಲಿ ಜೇನುಪೆಟ್ಟಿಗೆಗಳನ್ನು ಇಡುವುದುಂಟು.

ಹಣ್ಣಿಗೆ ಮಾತ್ರ ಆ ತಾಳ್ಮೆಯಿಲ್ಲ. ಮಾವಿನಂತೆ ಕಾಯಿ ಕಿತ್ತು ಅಡೆ ಹಾಕುವಂತಿಲ್ಲ, ಮರದಲ್ಲಿಯೇ ಮಾಗಬೇಕು. ಕಿತ್ತ ಎರಡು ಮೂರು ದಿನಗಳಲ್ಲಿ ಸಿಪ್ಪೆಯ ಕೆಂಪು ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಶಾಹಿಯ ಕೊಯ್ಲು ಮುಗಿಯುವುದು ಕೆಲವೇ ವಾರಗಳಲ್ಲಿ. ನಸುಕಿನಲ್ಲಿಯೇ ಎಲೆಸಮೇತ ಗೊಂಚಲುಗಳನ್ನು ಮುರಿದು, ನೆರಳಿನಲ್ಲಿ ಆಯ್ದು, ಪೆಟ್ಟಿಗೆಗಳಿಗೆ ತುಂಬಿ ದೂರದ ಪೇಟೆಗಳಿಗೆ ಕಳುಹಿಸುತ್ತಾರೆ.

ಎಷ್ಟೋ ತೋಪುಗಳು ಹೂ ಬಿಟ್ಟಾಗಲೇ ವ್ಯಾಪಾರಿಗಳ ಗುತ್ತಿಗೆಗೆ ಸೇರಿರುತ್ತವೆ. ಹೂವಿನ ಬೆಲೆಗೆ ಹಣ್ಣನ್ನು ಮಾರಿದ ಒಡೆಯನಿಗೆ ಲಾಭ ಕಡಿಮೆ, ನಿದ್ರೆ ಹೆಚ್ಚು. ವ್ಯಾಪಾರಿಯ ಕಣ್ಣು ಆಕಾಶದ ಮೇಲೆ. ಪಡುವಣ ಬಿಸಿಗಾಳಿ ಬೀಸಿದರೆ ಹಣ್ಣಿನ ಸಿಪ್ಪೆ ಬಿರಿಯುತ್ತದೆ. ಬಿರಿದ ಹಣ್ಣನ್ನು ಪೇಟೆಯಲ್ಲಿ ಕೇಳುವವರಿಲ್ಲ. ಕೂಲಿಗೆ ಬಂದವರ ನಾಲ್ಕು ದಿನದ ಸಂಪಾದನೆಯೂ ಅದರೊಡನೆಯೇ ಹೋಗುತ್ತದೆ. ಇಂಥ ಕಷ್ಟಗಳಿಗೆ ಪರಿಹಾರ ಹುಡುಕಲೆಂದು ಇಲ್ಲಿಯ ಮುಶಹರಿಯಲ್ಲಿ 2001ರಲ್ಲಿ ರಾಷ್ಟ್ರೀಯ ಲಿಚಿ ಸಂಶೋಧನ ಕೇಂದ್ರ ಸ್ಥಾಪನೆಯಾಯಿತು.

ಕನ್ನಡ ನಾಡಿಗೂ ಲಿಚಿ ಅಪರಿಚಿತವಲ್ಲ. ಕೊಡಗಿನ ತಂಪಿನಲ್ಲಿ ಅದು ಬೆಳೆಯುತ್ತದೆ; ಆದರೆ ಹಣ್ಣಾಗುವುದು ಬಿಹಾರದ ತೋಪುಗಳು ಬರಿದಾಗಿ ಆರು ತಿಂಗಳು ಕಳೆದ ಮೇಲೆ, ಚಳಿಗಾಲದಲ್ಲಿ. ಎಲ್ಲಿ ಬೆಳೆದರೂ ಅದರ ಸ್ವಭಾವ ಒಂದೇ: ತಂದ ದಿನವೇ ಮನೆಮಂದಿಯೆಲ್ಲ ಹಂಚಿಕೊಂಡು ತಿನ್ನಬೇಕು, ನಾಳೆಗೆಂದು ಎತ್ತಿಟ್ಟರೆ ಅದು ಉಳಿಯದು.