ಜಡೆ ಬಿಚ್ಚಿದ ಮೇಲೆ

ಮಲ್ಲಾಪುರದ ನಮ್ಮ ಕಡೆ ಮಳೆಗಾಲದಲ್ಲಿ ಬಟ್ಟೆಯೂ ಒಣಗುವುದಿಲ್ಲ, ಕೂದಲೂ ಒಣಗುವುದಿಲ್ಲ. ಕಾಳಿ ನದಿ, ಕದ್ರಾ ಅಣೆಕಟ್ಟಿನ ಹಿನ್ನೀರು, ಸುತ್ತ ಘಟ್ಟದ ಕಾಡು. ಬೆಳಿಗ್ಗೆ ಬಾಚಿ ಕೂರಿಸಿದ ತಲೆ ಬಸ್ಸು ಬರುವಷ್ಟರಲ್ಲಿ ಎರಡರಷ್ಟಾಗಿರುತ್ತದೆ. ನನ್ನ ಕೂದಲು ಅಂಥದ್ದು. ದಟ್ಟ, ಅಲೆಅಲೆ; ನೇರವೂ ಅಲ್ಲ, ಪೂರ್ತಿ ಗುಂಗುರೂ ಅಲ್ಲ. ನನ್ನ ಆಯಿಯದ್ದೂ ಹಾಗೇ ಇತ್ತು. ಈಗ ಮಗಳದ್ದು.

ಹತ್ತನೇ ಕ್ಲಾಸು ಮುಗಿಯುವವರೆಗೆ ಅವಳಿಗೆ ತನ್ನ ಕೂದಲು ಹೇಗಿದೆ ಎಂದೇ ಗೊತ್ತಿರಲಿಲ್ಲ. ಕೊಬ್ಬರಿ ಎಣ್ಣೆ, ಎರಡು ಜಡೆ, ರಿಬ್ಬನ್ನು. ಪಿಯುಸಿಗೆ ಸೇರಿ ಜಡೆ ಬಿಚ್ಚಿದಳು. ನೋಡಿದವರೆಲ್ಲ ಕೇಳಿದ್ದು ಒಂದೇ: "ತಲೆ ಬಾಚ್ಲಿಲ್ವೇನೆ?" ಪಾರ್ಲರ್ ಒಂದರಲ್ಲಿ ಕುರ್ಚಿಯಲ್ಲಿ ಕೂರುವ ಮೊದಲೇ, "ತುಂಬಾ ರಫ್ ಇದೆ, ಸ್ಟ್ರೇಟ್ ಮಾಡಿಸ್ಬಿಡಿ" ಅಂದರು. ಹದಿನಾರು ವರ್ಷಕ್ಕೆ ಮೊದಲ ಸಲ ಕಂಡ ತನ್ನದೇ ಕೂದಲು ಅವಳಿಗೆ ಒಂದು ಕಾಯಿಲೆಯಂತೆ ಪರಿಚಯವಾಯಿತು.

ನಾನು ಬೇಡ ಅಂದೆ. "ನಿಂಗೇನು ಆಯಿ, ಹೆಲ್ಮೆಟ್ ಒಳಗೆ ಮುಚ್ಕೊಂಡು ಹೋಗ್ತೀ" ಅಂದವಳು ಮೂರು ದಿನ ಮಾತಾಡಲಿಲ್ಲ. ನನ್ನ ಕೆಲಸ ಸೈಟಿನಲ್ಲಿ. ತಿರುಗುವ ಯಂತ್ರಗಳ ಹತ್ತಿರ ಕೂದಲು ಬಿಟ್ಟು ಓಡಾಡುವ ಹಾಗಿಲ್ಲ, ತುರುಬು ಕಟ್ಟಲೇಬೇಕು. ಅವಳಿಗೆ ಆ ನೆಪವೂ ಇಲ್ಲ.

ಬೇಡ ಅಂದದ್ದಕ್ಕೆ ಕಾರಣ ಹೇಳಬೇಕಲ್ಲ, ಹೇಳಿದೆ. ಕೂದಲು ಕೆರಾಟಿನ್ ಎಂಬ ಪ್ರೋಟೀನು. ಅದರೊಳಗಿನ ಹೈಡ್ರೋಜನ್ ಬಂಧಗಳು ನೀರು ತಾಕಿದರೆ ಬಿಡುತ್ತವೆ, ಒಣಗಿದರೆ ಮತ್ತೆ ಕೂಡುತ್ತವೆ. ಬಿಸಿ ಇಸ್ತ್ರಿ ಎಳೆದು ನೇರ ಮಾಡಿದ್ದು ನಮ್ಮ ತೇವದ ಗಾಳಿಯಲ್ಲಿ ನಿಲ್ಲದಿರುವುದು ಇದಕ್ಕೇ. ರಾಸಾಯನಿಕ ಹಾಕಿ ಇನ್ನೂ ಗಟ್ಟಿಯಾದ ಡೈಸಲ್ಫೈಡ್ ಬಂಧ ಮುರಿದರೆ ನಿಲ್ಲುತ್ತದೆ. ಆದರೆ ಬುಡದಿಂದ ತಿಂಗಳಿಗೆ ಹೆಚ್ಚುಕಡಿಮೆ 1 ಸೆಂಟಿಮೀಟರ್ ಹೊಸ ಅಲೆ ಬರುತ್ತಲೇ ಇರುತ್ತದೆ. ಆರು ತಿಂಗಳಿಗೆ ಮೇಲೆ ಅಲೆ, ಕೆಳಗೆ ಕಡ್ಡಿ. ಇನ್ನು 'ಕೆರಾಟಿನ್ ಟ್ರೀಟ್‌ಮೆಂಟ್' ಎನ್ನುವ ಕೆಲವು ದ್ರಾವಣಗಳು ಕಾಯಿಸಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್ ತರಬಲ್ಲ ಅನಿಲ.

ಕಾರಣ ಅವಳಿಗೆ ಹಿಡಿಸಲಿಲ್ಲ. ಅವಳ ಮನಸ್ಸು ತಿರುಗಿಸಿದ್ದು ಹಾಸ್ಟೆಲಿನ ಗೆಳತಿ, ಯಲ್ಲಾಪುರ ಕಡೆಯ ಸಿದ್ದಿ ಹುಡುಗಿ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ ಅವರು. ಹುಟ್ಟಿದಾಗಿನಿಂದ ತನ್ನ ಸುರುಳಿ ಕೂದಲಿನ ಬಗ್ಗೆ ಜನರ ಮಾತು ಕೇಳಿಕೊಂಡೇ ಬೆಳೆದವಳು. "ನಿಂದು ಚಂದಾಗಿ ಕತ್ತರಿಸಿದ್ರೆ ಸಾಕು" ಅಂದಳಂತೆ.

ಅಂಕೋಲೆಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕತ್ತರಿ ಹಿಡಿಯುವ ಒಬ್ಬರು ಸಿಕ್ಕರು. ತಲೆ ತೊಳೆದು, ಎಣ್ಣೆ ಹಚ್ಚದೆ, ಬಾಚದೆ, ಹಾಗೇ ಒಣಗಿಸಿಕೊಂಡು ಬಾ ಅಂದರು. ಒದ್ದೆಯಾದಾಗ ಅಲೆ ಜಗ್ಗಿ ಉದ್ದವಾಗುತ್ತದೆ. ಆಗ ಭುಜಕ್ಕೆ ಸರಿಯಾಗಿ ಕತ್ತರಿಸಿದ್ದು ಒಣಗಿದ ಮೇಲೆ ಗಲ್ಲದ ಹತ್ತಿರ ಕೂರುತ್ತದೆ. ಆದ್ದರಿಂದ ಒಣಗಿದ ಮೇಲೇ ಕತ್ತರಿ.

ತುದಿಯೆಲ್ಲ ಒಂದೇ ಸಮ ಕತ್ತರಿಸಲಿಲ್ಲ; ದಟ್ಟ ಕೂದಲು ಹಾಗಾದರೆ ಕೆಳಗೆ ಅಗಲವಾಗಿ ಕೊಡೆ ಬಿಚ್ಚಿದಂತೆ ಕಾಣುತ್ತದೆ. ನೆತ್ತಿಯ ಹತ್ತಿರ ಗಿಡ್ಡ ಸ್ಟೆಪ್ಪೂ ಇಲ್ಲ, ಮೇಲೆ ಉಬ್ಬುತ್ತದೆ. ಹಲ್ಲಿನ ಕತ್ತರಿಯಲ್ಲಿ ತೆಳು ಮಾಡಲೂ ಒಪ್ಪಲಿಲ್ಲ. ಒಳಗೆ ಉಳಿಯುವ ಗಿಡ್ಡ ಎಳೆಗಳು ಎದ್ದು ನಿಂತು ಮೇಲಿನವನ್ನು ನೂಕುತ್ತವಂತೆ. ಲೇಯರ್ ಶುರುವಾದದ್ದು ಗಲ್ಲದ ಕೆಳಗಿನಿಂದ, ಉದ್ದುದ್ದ. ತುದಿ ಭುಜದಿಂದ ನಾಲ್ಕು ಬೆರಳು ಕೆಳಗೆ; ಆ ಭಾರವೇ ಅಲೆಯನ್ನು ಹಿಡಿದು ಕೂರಿಸುತ್ತದೆ. ಮಗಳದು ದುಂಡು ಮುಖ, ಹಾಗಾಗಿ ಮುಂದಿನ ಎಳೆಗಳು ದವಡೆ ದಾಟಿ ಇಳಿದವು. ಹಣೆಯ ಮೇಲೆ ಫ್ರಿಂಜ್ ಕೇಳಿದಳು. "ಶ್ರಾವಣ ಬರ್ಲಿ, ಆಮೇಲೆ ನೀನೇ ಬೈತೆ" ಎಂದು ನಕ್ಕುಬಿಟ್ಟರು.

ಈಗ ಒದ್ದೆ ಇರುವಾಗ ಮಾತ್ರ ಅಗಲ ಹಲ್ಲಿನ ಬಾಚಣಿಗೆ, ಉಜ್ಜದೆ ಒತ್ತಿ ಒರೆಸಲು ಹಳೇ ಪಂಚೆ. ಮಳೆಗೆ ಇನ್ನೂ ಉಬ್ಬುತ್ತದೆ, ಆದರೆ ಉಬ್ಬಿದರೂ ಒಂದು ಆಕಾರವಿದೆ. "ಬಾಚ್ಲಿಲ್ವೇನೆ" ಅಂದವರಿಗೆ "ಇಲ್ಲ" ಅನ್ನುತ್ತಾಳೆ, ಅಷ್ಟೇ. ಕಳೆದ ಸಲ ಅವಳ ನಂತರ ಆ ಕುರ್ಚಿಯಲ್ಲಿ ನಾನು ಕೂತೆ, ತುರುಬಿಗೆ ಸಾಲುವಷ್ಟು ಉದ್ದ ಬಿಡಿ ಎಂದು ಮೊದಲೇ ಹೇಳಿ.