ಸೋರಿಕೆಯ ಬಾಯಿ

ಮನೆಯ ಮಾಡು ಸೋರಿದರೆ ಕೆಳಗೆ ಮಲಗಿದವನಿಗೆ ತಿಳಿಯುತ್ತದೆ; ಕೊಡ ಸೋರಿದರೆ ಹೊತ್ತವಳಿಗೆ ತಿಳಿಯುತ್ತದೆ. ಹಳೆಯ ಮೋಟಾರು ಗಾಡಿಯ ನೀರು ಸೋರಿದಾಗ ಮಾತ್ರ ಯಜಮಾನನು ಬಹುಕಾಲ ನಿಶ್ಚಿಂತನಾಗಿ ಸವಾರಿ ಮಾಡುತ್ತಿರಬಹುದು. ಅಲ್ಪವಾಗಿ ತೋರುವುದೇ ಈ ಸೋರಿಕೆಯ ಅಪಾಯ.

ಇಂಜಿನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯಲ್ಲಿ ಗಾಡಿಯ ಓಟಕ್ಕೆ ಒದಗುವುದು ಸುಮಾರು ಕಾಲುಭಾಗ. ಮಿಕ್ಕುದರಲ್ಲಿ ಒಂದು ದೊಡ್ಡ ಪಾಲು ಹೊಗೆಯೊಡನೆ ಹೊರಟುಹೋಗುತ್ತದೆ. ಇನ್ನೊಂದು ದೊಡ್ಡ ಪಾಲನ್ನು ನೀರು ಹೊತ್ತು ತಂದು ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ಬರಿಯ ನೀರು 100 ಡಿಗ್ರಿಗೆ ಕುದಿಯುವುದಷ್ಟೆ. ವಾಯುಮಂಡಲದ ಒತ್ತಡದ ಮೇಲೆ ಮತ್ತೂ ಅಷ್ಟೇ ಒತ್ತಡವನ್ನು ರೇಡಿಯೇಟರಿನ ಮುಚ್ಚಳವು ಹಿಡಿದಿಟ್ಟರೆ ಅದೇ ನೀರು ಸುಮಾರು 120 ಡಿಗ್ರಿಯವರೆಗೂ ಕುದಿಯದು. ಎಲ್ಲಿಯಾದರೂ ಒಂದು ಸಂದು ಬಿಟ್ಟಿತೆಂದರೆ ನೀರಿನೊಡನೆ ಈ ಒತ್ತಡವೂ ಹೋಯಿತು; ಘಾಟಿಯ ಏರಿನಲ್ಲಿ ಗಾಡಿ ಕುದಿದು ನಿಲ್ಲುವುದು ಹೀಗೆ.

ನನ್ನಲ್ಲಿರುವ ಅಂಬಾಸಡರ್ ಗಾಡಿಗೆ ಮೂವತ್ತು ವರ್ಷ ಮೀರಿದೆ. ಉತ್ತರಪಾಡಾದ ಕಾರ್ಖಾನೆಯಲ್ಲಿ ಅದರ ತಯಾರಿಕೆ 2014ರಲ್ಲಿಯೇ ನಿಂತುಹೋಯಿತು. ಮೊನ್ನೆ ಮಳೆಗಾಲ ಮುಗಿದ ಮೇಲೆ ಒಂದು ವಾರದಲ್ಲಿ ಅರ್ಧ ಲೀಟರಿನಷ್ಟು ನೀರು ಇಳಿದುದನ್ನು ಕಂಡೆನು. ಆಪ್ತರು ಗಾಡಿಯನ್ನು ಮಾರಿಬಿಡಿರೆಂದರು. ವಯಸ್ಸಾದ ಡ್ರೈವರರೊಬ್ಬರು ಒಂದು ಹಿಡಿ ಅರಿಸಿನದ ಪುಡಿಯನ್ನು ರೇಡಿಯೇಟರಿಗೆ ಹಾಕುವಂತೆ ಹೇಳಿದರು. ಗಾಯಕ್ಕೆ ಅರಿಸಿನ ಮೆತ್ತುವ ನಮಗೆ ಈ ಮಾತು ಹೊಸದಾಗಿ ಕೇಳಿಸದು. ಪುಡಿಯು ನೀರಿನೊಡನೆ ಹರಿದು ಸಣ್ಣ ಬಿರುಕನ್ನು ಮುಚ್ಚುವುದೂ ಉಂಟು. ನಡುದಾರಿಯಲ್ಲಿ ಸಿಕ್ಕಿಕೊಂಡವನನ್ನು ಊರು ಮುಟ್ಟಿಸುವುದೂ ಉಂಟು. ಆದರೆ ಬಿರುಕನ್ನು ಮುಚ್ಚುವ ಪುಡಿ ರೇಡಿಯೇಟರಿನ ಕಿರುನಾಳಗಳನ್ನು ಬಿಟ್ಟೀತೆ? ಅದು ಆಪತ್ತಿನ ಉಪಾಯ, ಚಿಕಿತ್ಸೆಯಲ್ಲ.

ಅದೇ ವಾರದ ಒಂದು ಬೆಳಗ್ಗೆ ನೆರೆಮನೆಯ ನಾಯಿಮರಿಯು ಗಾಡಿಯ ಅಡಿಯಲ್ಲಿ ನಿಂತಿದ್ದ ಹಸಿರು ನೀರನ್ನು ಮೂಸುತ್ತಿದ್ದಿತು. ನಾಲಗೆ ಚಾಚುವ ಮೊದಲೇ ಅದನ್ನು ಓಡಿಸಿ, ಮರಳು ಸುರಿದು ಬಳಿದು, ನೆಲವನ್ನು ತೊಳೆಯಿಸಿದೆನು. ಈ ನೀರಿನಲ್ಲಿ ಬೆರೆತಿರುವ ಎಥಿಲೀನ್ ಗ್ಲೈಕಾಲ್ ನಾಲಗೆಗೆ ಸಿಹಿ, ಮೂತ್ರಪಿಂಡಕ್ಕೆ ವಿಷ. ಕೆಲವು ಚಮಚಗಳಷ್ಟೇ ಸಣ್ಣ ಪ್ರಾಣಿಯೊಂದನ್ನು ಕೊಲ್ಲಬಲ್ಲುದು. ಮಕ್ಕಳಿಗೂ ಅದು ಅಷ್ಟೇ ಕ್ರೂರ. ಅಲ್ಲಿಯವರೆಗೆ ನನ್ನ ಖರ್ಚಿನ ಮಾತಾಗಿದ್ದ ಸೋರಿಕೆ ಅಂದಿನಿಂದ ಬೀದಿಯ ಮಾತಾಯಿತು.

ಮರುದಿನ ಮೆಕ್ಯಾನಿಕ್ಕನನ್ನು ಕರೆಯಿಸಿದೆನು. ಇಂಜಿನು ಪೂರ್ಣವಾಗಿ ಆರಿದ ಮೇಲೆಯೇ ಆತನು ಮುಚ್ಚಳಕ್ಕೆ ಕೈ ಹಾಕಿದನು. ಬಿಸಿಯಿರುವಾಗ ತೆರೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದನು: ಎಣ್ಣೆ ಹಾಲಿನಂತೆ ಬೆಳ್ಳಗಾಗಿರಲಿಲ್ಲ, ಆದುದರಿಂದ ನೀರು ಒಳಗೆ ಸೇರಿಲ್ಲವೆಂದನು. ರಬ್ಬರಿನ ಕೊಳವೆಗಳನ್ನೂ ಅವುಗಳ ಪಟ್ಟಿಗಳನ್ನೂ ಹಿಚುಕಿ ಪರೀಕ್ಷಿಸಿದನು, ಎಲ್ಲಿಯೂ ಹನಿಯಿಲ್ಲ. ಬಳಿಕ ರೇಡಿಯೇಟರಿನ ಬಾಯಿಗೆ ಕೈಪಂಪನ್ನು ಕೂಡಿಸಿ ಒತ್ತಡವೇರಿಸಿದನು. ಆಗ ನೀರಿನ ಪಂಪಿನ ಅಡಿಯ ಒಂದು ಕಿರುರಂಧ್ರದಿಂದ ಹಸಿರು ಹನಿಯೊಂದು ಇಳಿಯಿತು.

ಆ ರಂಧ್ರವನ್ನು ಮುಚ್ಚಬಹುದಲ್ಲವೆ ಎಂದು ಕೇಳಿದೆನು. ಆತನು ನಕ್ಕನು. ಅದು ಒಡೆದು ಆದುದಲ್ಲ, ಮಾಡಿದವರೇ ಬಿಟ್ಟುದು. ಪಂಪಿನೊಳಗಿನ ಸೀಲು ಸವೆದಾಗ ನೀರು ಬೇರಿಂಗಿಗೆ ನುಗ್ಗದೆ ಹೊರಬಂದು ತನ್ನ ಸುದ್ದಿಯನ್ನು ತಾನೇ ಹೇಳಲೆಂದು ಆ ದಾರಿ. ಈ ಮಾತು ನನ್ನ ಮನಸ್ಸಿನಲ್ಲಿ ನಿಂತಿತು. ಎದುರಿಗೆ ಕಾಣುವ ಶಾಖದ ಮುಳ್ಳನ್ನು ನಾವು ನಂಬುತ್ತೇವೆ. ನೀರೆಲ್ಲ ಬರಿದಾಗಿ ಅಳೆಯುವ ಗುಂಡಿಗೆ ನೀರು ಮುಟ್ಟದಿದ್ದರೆ ಆ ಮುಳ್ಳು ಕೆಳಗಿಳಿದು ಕ್ಷೇಮವೆಂದೇ ತೋರಿಸಬಹುದು. ಕಣ್ಣಿಗೆ ಬೀಳದ ರಂಧ್ರವಾದರೋ ನಿಜವನ್ನೇ ನುಡಿಯುತ್ತಿರುತ್ತದೆ. ಅದಕ್ಕೆ ಅರಿಸಿನ ತುಂಬಿದರೆ ಸುದ್ದಿ ತಂದವನ ಬಾಯಿ ಕಟ್ಟಿದಂತೆ.

ಪಂಪನ್ನು ಬದಲಾಯಿಸಿದೆವು, ವಯಸ್ಸಾಗಿದ್ದ ಕೊಳವೆಗಳನ್ನೂ ಅದರೊಡನೆ ತೆಗೆದೆವು. ಭಟ್ಟಿಯಿಳಿಸಿದ ನೀರನ್ನೂ ಕೂಲಂಟನ್ನೂ ಸಮವಾಗಿ ಬೆರೆಸಿ ತುಂಬಿದೆವು, ಏಕೆಂದರೆ ಬಾವಿಯ ಗಡಸು ನೀರು ಒಳಗೆ ಸುಣ್ಣಗಟ್ಟುತ್ತದೆ. ಹಳೆಯ ದ್ರವವನ್ನು ಚರಂಡಿಗೆ ಚೆಲ್ಲದೆ ಡಬ್ಬದಲ್ಲಿ ಹಿಡಿದು, ಬಿಗಿಯಾಗಿ ಮುಚ್ಚಿ, ಎತ್ತರದಲ್ಲಿ ಇರಿಸಿ, ಬಳಿಕ ವರ್ಕ್‌ಶಾಪಿಗೆ ಒಪ್ಪಿಸಿದೆನು.

ಹಳೆಯ ವಸ್ತುವನ್ನು ಇರಿಸಿಕೊಳ್ಳುವುದು ಮಮತೆಯಿಂದಲೂ ಆಗಬಹುದು, ಮಿತವ್ಯಯದಿಂದಲೂ ಆಗಬಹುದು. ಎರಡಕ್ಕೂ ಒಂದೇ ನಿಬಂಧನೆ. ಅದು ಸವೆದೆನೆಂದು ಹೇಳಿದ ದಿನ ನಾವು ಕೇಳಿಸಿಕೊಳ್ಳಬೇಕು. ಅದರ ಮುಪ್ಪಿನ ಬೆಲೆಯನ್ನು ನಾವು ತೆರಬೇಕೇ ಹೊರತು ಏನೂ ಅರಿಯದ ನೆರೆಯವರು ತೆರಬಾರದು.