ಅಗುಳಿ ಬಿದ್ದ ಮೇಲೆ

ಮಂಗಳೂರು, 1871. ನಿಮಗೀಗ ಒಂಬತ್ತು ವರ್ಷ. ಅಜ್ಜಿ ತಲೆಗೆ ತಟ್ಟಿದ ತೆಂಗಿನೆಣ್ಣೆ ಬೆವರಿನ ಜೊತೆ ಸೇರಿ ಕಿವಿಯ ಹಿಂದೆ ಇಳಿಯುತ್ತಿದೆ. ಬಂದರಿನ ಕಡೆಯಿಂದ ಒಣಮೀನಿನ ಘಾಟು ಬರುತ್ತಿದೆ. ಬೆಳಗ್ಗೆ ಕುಡಿದ ಗಂಜಿ ಹೊಟ್ಟೆಯಲ್ಲಿ ನೆಟ್ಟಗೆ ನಿಲ್ಲುತ್ತಿಲ್ಲ. ಅಪ್ಪನ ಅಂಗೈ ಒದ್ದೆಯಾಗಿದೆ. ಅವನಿಗೂ ಹೆದರಿಕೆಯೇ?

ರಾತ್ರಿ ನೀವು ನಿದ್ದೆ ಬಂದವಳ ಹಾಗೆ ಮಲಗಿ ಎಲ್ಲವನ್ನೂ ಕೇಳಿಸಿಕೊಂಡಿದ್ದೀರಿ. "ಹೆಣ್ಣುಹುಡುಗಿ ಓದಿ ಏನಾಗಬೇಕು?" ಎಂದು ಅಜ್ಜಿ ಕೇಳಿದ್ದು ಬರೀ ಮೇಲುಮಾತು. ಒಳಗಿನ ಭಯ ಬೇರೆ. 1784ರಲ್ಲಿ ಟಿಪ್ಪುವಿನ ಸೈನಿಕರು ಕೆನರಾದ ಕ್ರೈಸ್ತರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದಾಗ ಅಜ್ಜಿಯ ಅಮ್ಮ ಸುಮಾರು ನಿಮ್ಮಷ್ಟೇ ದೊಡ್ಡವಳು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಅವಳು ಊರಿಗೆ ತಿರುಗಿ ಬಂದಳು, ಜೊತೆಗೆ ಹೋದ ತಂಗಿಯರು ಬರಲಿಲ್ಲ. ಮಕ್ಕಳನ್ನು ಒಳಗೆ ಹಾಕಿ ಬಾಗಿಲು ಮುಚ್ಚುವುದೆಂದರೆ ನಿಮ್ಮ ಮನೆಯಲ್ಲಿ ಇಂದಿಗೂ ಸೆರೆ ಎಂದೇ ಅರ್ಥ.

ಕಾನ್ವೆಂಟಿನ ಬಾಗಿಲು ಬಂತು. ಇದೇ ಸೇಂಟ್ ಆ್ಯನ್ಸ್. ಇಲ್ಲಿನ ಸಿಸ್ಟರುಗಳು ಫ್ರಾನ್ಸಿನ ಬಯೋನ್ ಊರಿನಿಂದ ಬಂದವರು. ಕಳೆದ ನವೆಂಬರ್ 19ಕ್ಕೆ ಮಂಗಳೂರು ತಲುಪಿದರು, ಇನ್ನೂ ವರ್ಷ ತುಂಬಿಲ್ಲ. ಹೆಣ್ಣುಮಕ್ಕಳಿಗೆ ಕಲಿಸಲು ಜನ ಬೇಕೆಂದು ಬಿಷಪ್ ಮೇರಿ ಎಫ್ರೆಮ್ ಪಟ್ಟುಹಿಡಿದು ತರಿಸಿಕೊಂಡವರು. 1868ರಲ್ಲಿ ಈ ಅಪೊಸ್ತಲಿಕ್ ಕಾರ್ಮೆಲ್ ಸಭೆ ಕಟ್ಟಿದ ಮದರ್ ವೆರೋನಿಕಾ ಮಾತ್ರ ಅವರೊಡನೆ ಬರಲಿಲ್ಲ. ಆಂಗ್ಲಿಕನ್ ಪಾದ್ರಿಯ ಮಗಳಾಗಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿ, ಕಲ್ಲಿಕೋಟೆಯಲ್ಲಿ ದುಡಿದುಹೋದ ಆಕೆ ಈ ಶಾಲೆಯನ್ನು ಕಾಣದೆಯೇ 1906ರಲ್ಲಿ ತೀರಿಕೊಳ್ಳುತ್ತಾರೆ. ಮೊಳಕೆಯನ್ನೂ ನೋಡದೆ ಬೀಜ ಹಾಕಲು ಎಂಥ ಗುಂಡಿಗೆ ಬೇಕು! ನಿಮಗೆ ಇದ್ಯಾವುದೂ ಗೊತ್ತಿಲ್ಲ. ಕಾಣುತ್ತಿರುವುದು ಕತ್ತಿನಿಂದ ಪಾದದವರೆಗೆ ಬಟ್ಟೆ ಸುತ್ತಿಕೊಂಡ, ಬಿಸಿಲಿಗೆ ಮುಖ ಕೆಂಪಾದ ಒಬ್ಬ ಹೆಂಗಸು.

"ಹೋಗು ಬಾಯೆ," ಎನ್ನುತ್ತಾನೆ ಅಪ್ಪ.

ಕೈ ಸಡಿಲುತ್ತದೆ. ಬೆರಳು ಜಾರುತ್ತದೆ. ನೀವು ಹಿಡಿಯಲು ಹೋಗುತ್ತೀರಿ, ಅವನು ಆಗಲೇ ಹಿಂದೆ ಸರಿದಿದ್ದಾನೆ. ಬಾಗಿಲು. ಅಗುಳಿ. ಬೆನ್ನ ಹಿಂದೆ ಮರಕ್ಕೆ ಕಬ್ಬಿಣ ಬಡಿದ ಸದ್ದು. ಗಂಟಲು ಕಟ್ಟುತ್ತದೆ, ಮೊಣಕಾಲು ತಾನಾಗಿ ಬಾಗಿಲ ಕಡೆ ತಿರುಗುತ್ತದೆ. ಈಗ ಓಡಿದರೆ ಅಗುಳಿ ಎಟುಕಬಹುದು. ಓಡಿದರೆ ಅಜ್ಜಿ ಗೆಲ್ಲುತ್ತಾಳೆ, ಅಪ್ಪ ಇನ್ನೊಮ್ಮೆ ಕರೆತರುವುದಿಲ್ಲ.

ಚಾಪೆಯ ಮೇಲೆ ಕೂತ ಹುಡುಗಿಯೊಬ್ಬಳು ಮಾತಿಲ್ಲದೆ ಒತ್ತಿಕೊಂಡು ಜಾಗ ಬಿಡುತ್ತಾಳೆ. ನೀವು ಕೂರುತ್ತೀರಿ. ಸ್ಲೇಟಿನ ಕಪ್ಪು ತೊಡೆಗೆ ತಣ್ಣಗೆ ತಾಗುತ್ತದೆ.

ಸಿಸ್ಟರ್ ಬಾಗಿ ಏನೋ ಕೇಳುತ್ತಾರೆ. ಅದು ಕೊಂಕಣಿಯಲ್ಲ, ತುಳುವಲ್ಲ, ಕನ್ನಡವೂ ಅಲ್ಲ. ತಮ್ಮ ಎದೆ ಮುಟ್ಟಿ ಒಂದು ಹೆಸರು ಹೇಳಿ, ನಿಮ್ಮತ್ತ ಬೆರಳು ತೋರುತ್ತಾರೆ. ನೀವು ನಿಮ್ಮ ಹೆಸರು ಹೇಳುತ್ತೀರಿ, ಬೇಕಾದ್ದಕ್ಕಿಂತ ಜೋರಾಗಿ. ಅವರು ಅದನ್ನು ಮೂಗಿನಲ್ಲಿ ತಿರುಚಿ ಹಿಂದಕ್ಕೆ ಕೊಡುತ್ತಾರೆ. ಚಾಪೆಯ ತುಂಬ ಕಿಸಕ್ ಎಂಬ ನಗು.

"ಹಾಗಲ್ಲ," ಎನ್ನುತ್ತೀರಿ. ಬಾಯಿಂದ ಬಂದೇಬಿಟ್ಟಿತು, ಏಟು ಬೀಳುತ್ತದೆಂದು ಭುಜ ಕುಗ್ಗಿಸುತ್ತೀರಿ. ಬೀಳುವುದಿಲ್ಲ. ಸಿಸ್ಟರ್ ಮತ್ತೆ ಪ್ರಯತ್ನಿಸುತ್ತಾರೆ, ಮತ್ತೆ ತಪ್ಪುತ್ತಾರೆ. ಈಗ ನೀವು ಎದ್ದು ನಿಂತು, ತುಟಿಗೆ ಬೆರಳಿಟ್ಟು, ಒಂದೊಂದೇ ಅಕ್ಷರ ಬಿಡಿಸಿ ಅವರಿಗೆ ಹೇಳಿಕೊಡತೊಡಗುತ್ತೀರಿ.